ಹಾಸಿಗೆಯವನ ಮಂಡಿನೋವು

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡು ಅಂಗಡಿಗಳು ಒಂದೇ ಗೋಡೆಯನ್ನು ಹಂಚಿಕೊಂಡಿದ್ದವು. ಒಂದರಲ್ಲಿ ಮಂಚ ಮಾಡುತ್ತಿದ್ದರು, ಇನ್ನೊಂದರಲ್ಲಿ ಹಾಸಿಗೆ. ಮಂಚದವನು ಮತ್ತು ಹಾಸಿಗೆಯವನು ಪ್ರಾಯದಿಂದಲೂ ಗೆಳೆಯರು. ಹೊಸದಾಗಿ ಮದುವೆಯಾದವರು ಆ ಬೀದಿಗೆ ಬಂದರೆ ಇಬ್ಬರ ಕೈಗೂ ಸಿಗದೆ ಹೋಗುವಂತಿರಲಿಲ್ಲ. ಮಂಚದವನು ಬಾಯಾಳಿ, ಎದುರಿಗಿದ್ದವರು ನಾಚಿ ನೆಲ ನೋಡುವವರೆಗೂ ತಮಾಷೆ ಮಾಡುತ್ತಿದ್ದ. ಹಾಸಿಗೆಯವನದು ಕಡಿಮೆ ಮಾತು. ಹತ್ತಿಯ ಎಳೆಗಳು ಸದಾ ಅವನ ತಲೆಯ ಮೇಲೆ, ಹುಬ್ಬಿನ ಮೇಲೆ ಕೂತಿರುತ್ತಿದ್ದುದರಿಂದ ಅವನ ಕೂದಲಲ್ಲಿ ನರೆತದ್ದೆಷ್ಟು, ಹತ್ತಿಯೆಷ್ಟು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ವಯಸ್ಸು ಐವತ್ತು ದಾಟಿತ್ತು.

ಕೆಲಸದಲ್ಲಿ ಅವನು ಅಚ್ಚುಕಟ್ಟು. ಹಳೆಯ ಹಾಸಿಗೆ ಬಂದರೆ ಹೊಲಿಗೆ ಬಿಚ್ಚಿ, ಗಂಟುಗಂಟಾದ ಹತ್ತಿಯನ್ನು ಬಿಸಿಲಿಗೆ ಹರವಿ, ಹಿಂಜುವ ಯಂತ್ರಕ್ಕೆ ಕೊಟ್ಟು, ಮೋಡದ ಹಾಗೆ ಉಬ್ಬಿ ಬಂದದ್ದನ್ನು ಹೊಸ ಬಟ್ಟೆಗೆ ತುಂಬುತ್ತಿದ್ದ. ಆಮೇಲೆ ಉದ್ದನೆಯ ದಬ್ಬಳಕ್ಕೆ ಹುರಿ ಪೋಣಿಸಿಕೊಂಡು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೊಲಿಗೆ ಹಾಕಿದರೆ ಆ ಹತ್ತಿ ವರ್ಷಗಟ್ಟಲೆ ಜರುಗುತ್ತಿರಲಿಲ್ಲ. ರಿಪೇರಿಗೆ ಬಂದ ಹಾಸಿಗೆಯ ತಗ್ಗು ನೋಡಿಯೇ ಆ ಮನೆಯ ಗಂಡ ಹೆಂಡತಿ ಮುಖ ಯಾವ ಕಡೆ ಮಾಡಿ ಮಲಗುತ್ತಾರೆ ಎಂದು ಅವನಿಗೆ ತಿಳಿಯುತ್ತಿತ್ತು. ತಿಳಿದರೂ ಬಾಯಿ ಬಿಡುತ್ತಿರಲಿಲ್ಲ. ಊರಿನ ಅರ್ಧ ಗುಟ್ಟು ಅವನ ಅಂಗಡಿಯಲ್ಲಿ ಬಿಸಿಲು ಕಾಯುತ್ತಿದೆ ಎಂದು ಮಂಚದವನು ಹಾಸ್ಯ ಮಾಡುತ್ತಿದ್ದ.

ಹಾಸಿಗೆಯವನ ಹೆಂಡತಿ ಬಹಳ ದಿನ ಕಾಯಿಲೆಯಲ್ಲಿದ್ದು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಮದುವೆಯಾಗಿ ನಾಲ್ಕು ಬೀದಿ ಆಚೆ ಸಂಸಾರ ಮಾಡಿಕೊಂಡಿದ್ದಳು. ಅಪ್ಪ ಬನ್ನು ಟೀಯಲ್ಲೇ ದಿನ ದೂಡುತ್ತಿದ್ದಾನೆ ಎಂಬುದು ಅವಳ ನಿತ್ಯದ ದೂರು. ಅಪ್ಪ ಎಲ್ಲಕ್ಕೂ ಹೂಂ ಎನ್ನುತ್ತಿದ್ದ, ಮರುದಿನ ಮತ್ತೆ ಬನ್ನು ಟೀಗೇ ಹೋಗುತ್ತಿದ್ದ.

ಒಂದು ದಿನ ಗಾಡಿಯವನು ಕೈಕೊಟ್ಟನೆಂದು ಹಾಸಿಗೆಯವನು ಗಿರಾಕಿಯ ಹಾಸಿಗೆಯನ್ನು ಸುತ್ತಿ ಕಟ್ಟಿ, ಹೆಗಲ ಮೇಲೆ ಹೊತ್ತು ಊರೊಳಗಿನ ಬಸ್ಸು ಹತ್ತಿದ. ಆ ಬಸ್ಸಿನ ಕಂಡಕ್ಟರು ಹೆಂಗಸು. ನಲವತ್ತೈದರ ಆಸುಪಾಸು, ಗಟ್ಟಿ ಗಂಟಲು. ಹಾಸಿಗೆಗೂ ಟಿಕೆಟ್ ತೆಗೆದುಕೊಳ್ಳಬೇಕು ಎಂದಳು. ನಿರ್ಜೀವ ವಸ್ತುವಿಗೆ ಯಾತರ ಟಿಕೆಟ್ ಎಂದು ಇವನು ಕೇಳಿದ.

"ಅದು ಆರಾಮಾಗಿ ಒರಗಿಕೊಂಡು ಬರ್ತಾ ಇದೆ, ನೀವು ಜೋತಾಡ್ಕೊಂಡು ಬರ್ತಾ ಇದ್ದೀರಿ," ಎಂದಳು ಕಂಡಕ್ಟರಮ್ಮ. "ನಿಮ್ಮಿಬ್ಬರಲ್ಲಿ ಪ್ರಯಾಣಿಕರು ಯಾರು ಅಂತ ನೀವೇ ಹೇಳಿ."

ಬಸ್ಸಿಗೆ ಬಸ್ಸೇ ನಕ್ಕಿತು. ಎಷ್ಟೋ ದಿನಗಳ ಮೇಲೆ ಹಾಸಿಗೆಯವನೂ ನಕ್ಕ. ಅಲ್ಲಿಂದ ಮುಂದೆ ಹಾಸಿಗೆ ಇಲ್ಲದೆಯೂ ಅವನು ಆ ಬಸ್ಸು ಹತ್ತತೊಡಗಿದ. ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುವ ಪ್ರಯಾಣಿಕನನ್ನು ಯಾವ ಕಂಡಕ್ಟರು ತಾನೇ ಗಮನಿಸುವುದಿಲ್ಲ? ವಿಷಯ ಮಗಳ ಕಿವಿಗೆ ಬಿತ್ತು. ಅವಳು ಒಂದು ಸಂಜೆ ತಾನೇ ಆ ಬಸ್ಸು ಹತ್ತಿ, ಕಂಡಕ್ಟರಮ್ಮನ ಪಕ್ಕದಲ್ಲಿ ಕೂತು, ನೇರವಾಗಿ ಮಾತು ತೆಗೆದಳು. ಕಂಡಕ್ಟರಮ್ಮನಿಗೆ ಚಿಕ್ಕ ವಯಸ್ಸಿನಲ್ಲಿ ಒಂದು ಮದುವೆಯಾಗಿತ್ತು. ಅದು ವರ್ಷವೂ ಬಾಳಲಿಲ್ಲ. ಆಮೇಲೆ ತಾಯಿಯನ್ನು ನೋಡಿಕೊಂಡಿದ್ದಳು. ತಾಯಿಯೂ ಹೋಗಿ ಈಗ ಮನೆಯಲ್ಲಿ ಇವಳ ದನಿ ಇವಳಿಗೇ ಕೇಳಿಸುತ್ತಿತ್ತು. ನೋಂದಣಿ ಕಚೇರಿಯಲ್ಲಿ ಮದುವೆ ನಡೆಯಿತು. ಸಾಕ್ಷಿ ಹಾಕಿದ ಮಂಚದವನು ರುಜು ಮಾಡುತ್ತ, ಈ ವಯಸ್ಸಿನಲ್ಲಿ ಮಂಚ ಮುರಿದರೆ ರಿಪೇರಿ ಪುಕ್ಕಟೆ ಎಂದು ಸಾರಿದ. ಮಗಳು ಕೇಳಿಸದವಳಂತೆ ಗೋಡೆ ನೋಡಿದಳು.

ಮಂಚಕ್ಕೇನೂ ಆಗಲಿಲ್ಲ. ತೊಂದರೆ ಬೇರೆ ಕಡೆಯಿತ್ತು.

ಕಂಡಕ್ಟರಮ್ಮನದು ಬೆಳಗಿನ ಪಾಳಿ. ಮಧ್ಯಾಹ್ನ ಮನೆಗೆ ಬರುತ್ತಿದ್ದಳು, ಹಾಸಿಗೆಯವನೂ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಬರುತ್ತಿದ್ದ. ಇಬ್ಬರಿಗೂ ಸಿಗುವ ಏಕಾಂತವೆಂದರೆ ಆ ಮಧ್ಯಾಹ್ನಗಳೇ. ಕಿಟಕಿಯ ಪರದೆ ಎಳೆದರೆ ಕೋಣೆ ತಂಪಾಗುತ್ತಿತ್ತು. ಆಸೆಗೇನೂ ಬರವಿರಲಿಲ್ಲ. ಅವಳು ಹತ್ತಿರ ಬಂದರೆ ಅವನ ಎದೆ ಹುಡುಗರ ಹಾಗೆ ಬಡಿದುಕೊಳ್ಳುತ್ತಿತ್ತು. ಆದರೆ ಬೇಕಾದ ಗಳಿಗೆಗೆ ಮೈ ಮಾತು ಕೇಳುತ್ತಿರಲಿಲ್ಲ. ಮೊದಲ ದಿನ ದಣಿವು ಎಂದುಕೊಂಡ. ಎರಡನೆಯ ಸಲ ಹೊಸತನದ ಗಾಬರಿ ಎಂದುಕೊಂಡ. ಅದಾದ ಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಇವತ್ತೂ ಹಾಗೇ ಆದರೆ ಎಂಬ ಭಯ ಊಟದ ತಟ್ಟೆಯ ಮುಂದೆಯೇ ಶುರುವಾಗುತ್ತಿತ್ತು, ಭಯಪಟ್ಟ ಹಾಗೆಯೇ ಆಗುತ್ತಿತ್ತು.

ಊರಿಗೆಲ್ಲ ಹಾಸಿಗೆ ಹಾಸಿಕೊಟ್ಟವನಿಗೆ ತನ್ನ ಹಾಸಿಗೆಯೇ ಮುಳ್ಳಾಯಿತು. ಬಿಸಿತುಪ್ಪದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು. ಮಧ್ಯಾಹ್ನ ಕೆಲಸ ಜಾಸ್ತಿ ಎಂದು ಅಂಗಡಿಯಲ್ಲೇ ಉಳಿಯತೊಡಗಿದ. ಮಾಡಲು ಕೆಲಸವಿಲ್ಲದೆ, ಹೊಲಿದ ದಿಂಬುಗಳನ್ನೇ ಬಿಚ್ಚಿ ಮತ್ತೆ ಹೊಲಿಯುತ್ತ ಕೂತ.

ಮಂಚದವನು ಗೋಡೆಯಾಚೆಯಿಂದ ಎಲ್ಲ ಗಮನಿಸುತ್ತಿದ್ದ. ಒಂದು ದಿನ ಬಂದು, ಸುತ್ತಿ ಬಳಸಿ ಕೇಳಿ, ಕಡೆಗೆ ವಿಷಯ ಕಕ್ಕಿಸಿದ. ಇಂಥದ್ದಕ್ಕೆಲ್ಲ ತಾನು ಪಂಡಿತ ಎಂಬಂತೆ ಅವನು ರಸ್ತೆ ಬದಿಯ ಡೇರೆಯಿಂದ ಒಂದು ಪುಡಿ ತಂದುಕೊಟ್ಟ. ಹಾಲಲ್ಲಿ ಕಲಸಿ ಕುಡಿದರೆ ಕುದುರೆಯಾಗುತ್ತೀಯ ಎಂದ. ಕುಡಿದ ಹಾಸಿಗೆಯವನು ಕುದುರೆಯ ಹಾಗೆ ಓಡಿದ್ದು ನಿಜ, ಆದರೆ ಓಡಿದ್ದು ಬಚ್ಚಲಿಗೆ. ಎರಡು ದಿನ ಅಂಗಡಿ ತೆಗೆಯಲಾಗಲಿಲ್ಲ. ಆಮೇಲೆ ಮಂಚದವನು ಭಾವಮೈದುನನ ಹತ್ತಿರ ಕೇಳಿ ತಂದ ನೀಲಿ ಮಾತ್ರೆಯೊಂದನ್ನು ಕಾಗದದಲ್ಲಿ ಮಡಿಸಿ ಕೊಟ್ಟ. ಪುಡಿಯ ನೆನಪು ಇನ್ನೂ ಹೊಟ್ಟೆಯಲ್ಲಿದ್ದುದರಿಂದ ಹಾಸಿಗೆಯವನು ಅದನ್ನು ನುಂಗದೆ ಜೇಬಿನಲ್ಲಿಟ್ಟುಕೊಂಡ.

ಇತ್ತ ಕಂಡಕ್ಟರಮ್ಮ ತನ್ನದೇ ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಹಿಂದಿನ ಗಂಡ ಬಿಟ್ಟುಹೋಗುವಾಗ 'ನೀನೊಂದು ಕಲ್ಲು' ಎಂದಿದ್ದ. ಬಸ್ಸಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದರೂ ಆ ಒಂದು ಮಾತು ಅವಳೊಳಗೆ ಮುಚ್ಚಿರಲಿಲ್ಲ. ಒಂದು ರಜೆಯ ದಿನ ಊಟಕ್ಕೆ ಕೂತಾಗ ಅವಳು ಬಡಿಸುವುದನ್ನು ನಿಲ್ಲಿಸಿ, ಸೌಟನ್ನು ಕೈಯಲ್ಲಿ ಹಿಡಿದೇ ಮಾತಾಡಿದಳು.

"ನನ್ನಲ್ಲಿ ಏನಾದ್ರೂ ಕೊರತೆ ಕಂಡಿದ್ರೆ ಬಾಯಿಬಿಟ್ಟು ಹೇಳಿಬಿಡಿ. ಹೀಗೆ ತಪ್ಪಿಸಿಕೊಂಡು ಓಡಾಡಬೇಡಿ. ಸುಮ್ಮನಿದ್ದು ಸುಮ್ಮನಿದ್ದು ಬಿಟ್ಟುಹೋಗೋರನ್ನ ನಾನು ಒಂದು ಸಲ ನೋಡಿದ್ದೀನಿ."

ಹಾಸಿಗೆಯವನು ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟ. ತನ್ನ ಮರ್ಯಾದೆ ಉಳಿಸಿಕೊಳ್ಳುವ ಭರದಲ್ಲಿ ತಾನು ಇವಳ ಮರ್ಯಾದೆಗೆ ಕೈ ಹಾಕಿದ್ದೇನೆ ಎಂಬುದು ಆ ಕ್ಷಣದವರೆಗೂ ಅವನಿಗೆ ಹೊಳೆದಿರಲಿಲ್ಲ.

"ನಿನ್ನಲ್ಲಿ ಏನೂ ಇಲ್ಲ," ಎಂದ. "ಕೆಟ್ಟಿರೋದು ನಂದು. ಮನಸ್ಸು ಬರುತ್ತೆ, ಮೈ ಏಳಲ್ಲ. ಹೇಗೆ ಹೇಳೋದು ಅಂತ..."

ಅವಳು ಸೌಟು ಕೆಳಗಿಟ್ಟಳು. ನಕ್ಕಳೋ ಅತ್ತಳೋ ಅವಳಿಗೂ ಸರಿಯಾಗಿ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಮೂಗೊರೆಸಿಕೊಂಡು, "ಬಸ್ಸು ಸ್ಟಾರ್ಟ್ ಆಗದಿದ್ರೆ ನಾವು ಡಿಪೋಗೆ ತಗೊಂಡು ಹೋಗ್ತೀವಿ ಕಣ್ರೀ. ಪ್ರಯಾಣಿಕರ ಮುಖ ನೋಡದೆ ಓಡಿಹೋಗಲ್ಲ," ಎಂದಳು. "ಡಾಕ್ಟರ ಹತ್ತಿರ ಹೋಗೋಣ."

ತಾನೊಬ್ಬನೇ ಹೋಗುತ್ತೇನೆ ಎಂದು ಅವನು ಹಟ ಹಿಡಿದ. ಅವಳು ಬಿಟ್ಟಳು.

ಆಸ್ಪತ್ರೆಯಲ್ಲಿ ಅವನು ಎಣಿಸಿದ್ದು ಯಾರೋ ವಯಸ್ಸಾದ, ಕನ್ನಡಕದ, ಗಂಡಸು ಡಾಕ್ಟರನ್ನು. ಬಾಗಿಲು ತೆರೆದರೆ ಕೂತಿದ್ದುದು ತನ್ನ ಮಗಳ ಪ್ರಾಯದ ಹೆಣ್ಣುಮಗಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಮಂಜಿನ ಹಾಗೆ ಕರಗಿಹೋಯಿತು. ಏನು ತೊಂದರೆ ಎಂದು ಅವಳು ಕೇಳಿದಾಗ ಬಾಯಿಗೆ ಬಂದದ್ದು ಮಂಡಿನೋವು.

ಡಾಕ್ಟರಮ್ಮ ಶ್ರದ್ಧೆಯಿಂದ ಮಂಡಿ ನೋಡಿದಳು. ಮಡಿಸಿದಳು, ಬಿಡಿಸಿದಳು, ರಬ್ಬರು ಸುತ್ತಿಗೆಯಿಂದ ತಟ್ಟಿದಳು. ನೆಲದ ಮೇಲೆ ಕೂತು ಏಳಲು ಹೇಳಿದಳು. ವರ್ಷಾನುಗಟ್ಟಲೆ ನೆಲದ ಮೇಲೆ ಕೂತು ಹಾಸಿಗೆ ಹೊಲಿದವನು ಚೆಂಡಿನ ಹಾಗೆ ಪುಟಿದು ನಿಂತ. ಇಷ್ಟು ಗಟ್ಟಿ ಮಂಡಿ ತಾನು ಈ ವಾರ ನೋಡಿಲ್ಲ ಎಂದು ಅವಳು ಹೇಳಿದಾಗ ಅವನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನಮಸ್ಕಾರ ಹೇಳಿ ಎದ್ದ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವನಿಗೆ ಸೌಟು ಹಿಡಿದು ನಿಂತ ಹೆಂಡತಿಯ ಮುಖ ಕಣ್ಣಮುಂದೆ ಬಂತು. ಬಾಗಿಲಿನ ಕಡೆಗೇ ಮುಖ ಮಾಡಿಕೊಂಡು, ಮರಕ್ಕೆ ಹೇಳುವ ಹಾಗೆ ಹೇಳಿದ.

"ಡಾಕ್ಟ್ರೇ, ನೋವು ಮಂಡೀದಲ್ಲ."

"ಗೊತ್ತಾಯ್ತು ಬಿಡಿ," ಎಂದಳು ಅವಳು. "ಈ ಕೋಣೆಗೆ ಮಂಡಿ, ಸೊಂಟ, ತಲೆಸುತ್ತು ಅಂತ ಹೇಳ್ಕೊಂಡು ಬರೋ ಗಂಡಸರು ಬಹಳ ಜನ. ಅರ್ಧ ಜನ ಬಾಗಿಲ ಹತ್ತಿರ ಹೋದಮೇಲೇ ನಿಜ ಹೇಳೋದು. ಬನ್ನಿ, ಕೂತ್ಕೊಳ್ಳಿ."

ಕೂತ. ಅವಳು ಅದಕ್ಕೆ ನಿಮಿರುವಿಕೆಯ ತೊಂದರೆ ಎಂದು ಹೆಸರು ಹೇಳಿದಳು. ಜ್ವರ, ಕೆಮ್ಮು ಎಂದು ಹೇಳುವ ದನಿಯಲ್ಲೇ ಹೇಳಿದಳು. ಹೆಸರಿರುವ ಕಾಯಿಲೆ ಎಂದರೆ ಇನ್ನೊಬ್ಬರಿಗೂ ಬಂದಿದೆ ಎಂದೇ ಅರ್ಥವಲ್ಲವೇ? ಅಷ್ಟಕ್ಕೇ ಅವನ ಹೆಗಲು ಸ್ವಲ್ಪ ಹಗುರಾಯಿತು.

ಆಮೇಲೆ ಪ್ರಶ್ನೆಗಳು. ಇದು ಒಂದೇ ಸಲಕ್ಕೆ ಬಂತೋ, ಮೆಲ್ಲಮೆಲ್ಲಗೆ ಬಂತೋ? ಪ್ರತಿ ಸಲವೂ ಹೀಗೆಯೋ, ಕೆಲವು ಸಲ ಮಾತ್ರವೋ? ಆಸೆ ಇದೆಯೇ? ಬೆಳಿಗ್ಗೆ ಏಳುವಾಗ ತಾನಾಗಿ ನಿಮಿರಿರುವುದುಂಟೇ? ಹಾಸಿಗೆಯವನು ಕಿವಿಯವರೆಗೂ ಕೆಂಪಾಗಿ, ಆಸೆ ಇದೆ, ಬೆಳಗಿನದು ಮೊದಲಿನಷ್ಟಿಲ್ಲ, ಅಪರೂಪಕ್ಕೆ ಎಂದ. ಅದು ಒಳ್ಳೆಯ ಸುದ್ದಿ ಎಂದಳು ಡಾಕ್ಟರಮ್ಮ. ನಿದ್ದೆಯಲ್ಲಿ ಆಗುತ್ತಿದೆ ಎಂದರೆ ದಾರಿ ಪೂರಾ ಮುಚ್ಚಿಲ್ಲ, ಎಚ್ಚರವಿದ್ದಾಗಿನ ಭಯವೂ ಅಡ್ಡ ಬರುತ್ತಿರಬಹುದು. ಆದರೆ ಮೊದಲಿಗಿಂತ ಕಡಿಮೆಯಾಗಿದೆ ಎಂದರೆ ಮೈಯಲ್ಲೂ ಏನೋ ಇದೆ, ಅದನ್ನು ಹುಡುಕಬೇಕು.

ಸಿಗರೇಟು ಸೇದುತ್ತಾನೆಯೇ ಎಂದು ಕೇಳಿದಳು. ಸೇದುತ್ತಿದ್ದ. ಹತ್ತಿಯ ಅಂಗಡಿಯಲ್ಲಿ ಕಿಡಿ ಬೀಳಬಾರದೆಂದು ಮಂಚದವನ ಅಂಗಡಿಗೆ ಹೋಗಿ ಸೇದುತ್ತಿದ್ದ. ಕುಡಿತವಿಲ್ಲ. ಟೀಗೆ ಸಕ್ಕರೆ ಮಾತ್ರ ಧಾರಾಳ. ಬೇರೆ ಔಷಧಿ? ರಕ್ತದೊತ್ತಡಕ್ಕೆ ಒಂದು ಮಾತ್ರೆ, ಯಾವ ಕಾಲದಲ್ಲೋ ಬರೆದುಕೊಟ್ಟದ್ದು, ಮತ್ತೆ ಯಾರಿಗೂ ತೋರಿಸದೆ ಅದನ್ನೇ ಕೊಂಡು ನುಂಗುತ್ತಿದ್ದ. ಹೆಸರು ಕೇಳಿ ಅವಳು ತಲೆಯಾಡಿಸಿದಳು. ಮೈಯ ನೀರು ಇಳಿಸಿ ಒತ್ತಡ ತಗ್ಗಿಸುವ ಜಾತಿಯ ಮಾತ್ರೆ ಅದು, ಕೆಲವರಿಗೆ ಇದೇ ತೊಂದರೆ ತರುವುದುಂಟು. ಹಾಗೆಂದು ತಾನಾಗಿ ನಿಲ್ಲಿಸಬಾರದು, ನೋಡಿ ಬದಲಾಯಿಸೋಣ ಎಂದಳು. ಜೇಬಿನ ಪೊಟ್ಟಣದ ನೆನಪಾಗಿ ಅವನು ನೀಲಿ ಮಾತ್ರೆಯನ್ನು ಮೇಜಿನ ಮೇಲಿಟ್ಟ.

"ನುಂಗಿಲ್ಲ ತಾನೆ? ಒಳ್ಳೇದಾಯ್ತು. ಇದು ಕೆಟ್ಟ ಮಾತ್ರೆ ಅಲ್ಲ, ಬಹಳ ಜನಕ್ಕೆ ನಾನೇ ಕೊಡ್ತೀನಿ. ಆದ್ರೆ ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಕೊಳ್ಳೋರು ಇದನ್ನ ನುಂಗಿದ್ರೆ ಒತ್ತಡ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಬರುತ್ತೆ. ಮೊದಲು ನಿಮ್ಮ ಹೃದಯ ಹೇಗಿದೆ ಅಂತ ನೋಡಬೇಕು."

ಇದಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಅವನು ಕೇಳಿದ. ನಿಮಿರುವುದೆಂದರೆ ಅಲ್ಲಿಗೆ ರಕ್ತ ತುಂಬಿ ನಿಲ್ಲುವುದು, ಅಷ್ಟೇ ಎಂದಳು. ಅಲ್ಲಿಯ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಸಕ್ಕರೆಯೋ ಕೊಬ್ಬೋ ಹೊಗೆಯೋ ನಾಳಗಳನ್ನು ಕೆಡಿಸತೊಡಗಿದರೆ ಮೊದಲು ಸೋಲುವುದು ಸಣ್ಣವೇ. ಹೃದಯ ಕೈಕೊಡುವುದಕ್ಕೆ ಕೆಲವು ವರ್ಷ ಮೊದಲೇ ಇಲ್ಲಿ ಸುಳಿವು ಸಿಗುವುದುಂಟು. ಅದಲ್ಲದೆ ನರಗಳು, ಹಾರ್ಮೋನು, ಔಷಧಿ, ಮನಸ್ಸು ಇವೂ ಇವೆ. ಐವತ್ತು ದಾಟಿದವರಲ್ಲಿ ಒಂದೇ ಕಾರಣ ಇರುವುದು ಕಡಿಮೆ, ಎರಡು ಮೂರು ಕೈಜೋಡಿಸಿರುತ್ತವೆ.

ಪರೀಕ್ಷೆಗೆ ಗಂಡಸು ಡಾಕ್ಟರು ಬೇಕಿದ್ದರೆ ಕರೆಸುತ್ತೇನೆ ಎಂದಳು. ಇಷ್ಟು ಹೇಳಿದ ಮೇಲೆ ಇನ್ನೇನು ಮುಚ್ಚುಮರೆ, ನೀವೇ ನೋಡಿ ಎಂದ ಹಾಸಿಗೆಯವನು. ಅವಳು ಒತ್ತಡ ನೋಡಿದಳು, ಸೊಂಟದ ಸುತ್ತಳತೆ ತೆಗೆದಳು, ತೊಡೆಯ ಸಂದಿನಲ್ಲೂ ಪಾದದ ಮೇಲೂ ನಾಡಿ ಹುಡುಕಿದಳು, ಅಂಗಾಲಿಗೆ ಸಣ್ಣ ಕಡ್ಡಿ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಿದಳು. ಅಂಗದಲ್ಲಿ ಗಂಟು, ಡೊಂಕು ಏನಾದರೂ ಇದೆಯೇ, ವೃಷಣಗಳು ಸರಿಯಿವೆಯೇ ಎಂದು ನೋಡಿದಳು. ಅವನು ಅಷ್ಟು ದಿನ ಹೆದರಿದ್ದ ಸಂಗತಿ, ಒಂದು ದಿಂಬಿನ ಬಾಯಿ ಹೊಲಿಯುವಷ್ಟರಲ್ಲಿ ಮುಗಿದುಹೋಯಿತು. ಮರುದಿನ ಬೆಳಿಗ್ಗೆ ಏನೂ ತಿನ್ನದೆ ಬಂದು ರಕ್ತ ಕೊಡಬೇಕೆಂದಳು. ಹಾರ್ಮೋನಿನ ಮಟ್ಟ ಬೆಳಗಿನ ಹೊತ್ತಲ್ಲೇ ನೋಡಬೇಕಂತೆ. ಅದರ ಜೊತೆಗೆ ಸಕ್ಕರೆ, ಕೊಬ್ಬು, ಮೂತ್ರಪಿಂಡ, ಆಮೇಲೆ ಹೃದಯದ ಇಸಿಜಿ ಪಟ್ಟಿ, ಟ್ರೆಡ್‌ಮಿಲ್ಲಿನ ಓಡುವ ಪಟ್ಟೆಯ ಮೇಲೆ ನಡೆಸಿ ನೋಡುವ ಪರೀಕ್ಷೆ. ವರದಿ ಬಂದ ಮೇಲೆ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದಳು.

ಮನೆಯವರು ಬಂದರು. ಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಹೆಗಲಲ್ಲಿ ಚರ್ಮದ ಚೀಲ ಹಾಕಿಕೊಂಡೇ ಬಂದರು. ಡಾಕ್ಟರಮ್ಮ ವರದಿಗಳನ್ನು ಹರವಿಕೊಂಡು ಹೇಳಿದಳು. ಹಾರ್ಮೋನು ಸರಿಯಾಗಿದೆ. ಹೃದಯ ಚೆನ್ನಾಗಿದೆ, ಪಟ್ಟೆಯ ಮೇಲೆ ಹುಡುಗರ ಹಾಗೆ ನಡೆದಿದ್ದಾರೆ. ಆದರೆ ಸಕ್ಕರೆ ಕಾಯಿಲೆ ಶುರುವಾಗಿದೆ, ಕಳೆದ ಮೂರು ತಿಂಗಳ ಸರಾಸರಿಯೇ ಹೆಚ್ಚು ತೋರಿಸುತ್ತಿದೆ. ಸದ್ಯ ಬೇಗ ಗೊತ್ತಾಯಿತು. ಈ ತೊಂದರೆ ಹೇಳಿಕೊಂಡು ಬರದಿದ್ದರೆ ಇನ್ನೆಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ.

ಕಂಡಕ್ಟರಮ್ಮ ಗಮನವಿಟ್ಟು ಕೇಳಿದಳು. ಮೃದುವಾಗಿಯೇ ಮಾತಾಡಬೇಕೆಂದುಕೊಂಡಿದ್ದಳು. ಆದರೆ ಅಷ್ಟು ವರ್ಷ ಎಂಜಿನ್ ಸದ್ದಿನ ಮೇಲೆ ಕೂಗಿದ ಗಂಟಲು ಹೇಳಿದ ಮಾತು ಕೇಳಬೇಕಲ್ಲ?

"ಅಂದ್ರೆ ಡಾಕ್ಟ್ರೇ, ಸಕ್ಕರೆ ಇಳಿದ್ರೆ ಇವರದು ಏಳುತ್ತೆ ಅನ್ನಿ!"

ಹೊರಗೆ ಸಾಲಾಗಿ ಕೂತಿದ್ದವರ ಗುಸುಗುಸು ಥಟ್ಟನೆ ನಿಂತಿತು. ಒಳಗೆ ಹಾಸಿಗೆಯವನು ಕುರ್ಚಿಯಲ್ಲಿ ಕರಗಿ ನೀರಾದ. ಡಾಕ್ಟರಮ್ಮ ನಗು ತಡೆಯಲು ವರದಿಯನ್ನು ಮುಖಕ್ಕೆ ಅಡ್ಡ ಹಿಡಿದಳು, ಆ ವರದಿಯೂ ಕುಣಿಯತೊಡಗಿತು. ಮೊದಲು ನಕ್ಕವನು ಹಾಸಿಗೆಯವನೇ. ಹೋದ ಮಾನ ಹೋಗಿಯಾಯಿತು, ಇನ್ನು ಅದನ್ನು ಹಿಡಿದುಕೊಂಡು ಕೂರುವ ಕೆಲಸವಿಲ್ಲ ಎಂಬ ನೆಮ್ಮದಿ ಆ ನಗುವಿನಲ್ಲಿತ್ತು. ಮೂವರೂ ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು.

ನಗು ನಿಂತ ಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದಳು. ಕಾಯಿಲೆಯಲ್ಲಿ ತೀರಿಕೊಂಡರೆಂದು ಹೇಳಿದ್ದಿರಲ್ಲ, ಆ ಮೊದಲ ಹೆಂಡತಿ ಮಲಗಿದ್ದದ್ದು ಯಾವ ಕೋಣೆಯಲ್ಲಿ? ಅದೇ ಕೋಣೆ. ಅದೇ ಮಂಚವೇ? ಅದೇ ಮಂಚ. ಹಾಸಿಗೆ? ಹಾಸಿಗೆಯವನು ತಲೆ ತಗ್ಗಿಸಿ ಅಂಗಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಕಿತ್ತ. ಅವಳು ಕಾಯಿಲೆಯಲ್ಲಿ ಮಲಗಿದ್ದ ಹಾಸಿಗೆಯೇ ಈಗಲೂ ಇತ್ತು, ಮೇಲುಹೊದಿಕೆ ಮಾತ್ರ ಹೊಸದು. ತಿಂಗಳುಗಟ್ಟಲೆ ಅದರ ಅಂಚಿನಲ್ಲಿ ಕೂತು ಅವಳಿಗೆ ಗಂಜಿ ಕುಡಿಸಿದ್ದ. ಊರಿಗೆಲ್ಲ ಹತ್ತಿ ಹಿಂಜಿಕೊಡುವವನು ತನ್ನ ಮನೆಯದನ್ನು ಮುಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಮತ್ತೆ ಒಬ್ಬರ ಹತ್ತಿರ ಹೋಗುವಾಗ ಹೀಗಾಗುವುದು ಅಪರೂಪವೇನಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ ಎಂದಳು ಡಾಕ್ಟರಮ್ಮ.

ಒತ್ತಡದ ಮಾತ್ರೆ ಬದಲಾಯಿತು. ಸಕ್ಕರೆಗೆ ಒಂದು ಮಾತ್ರೆ ಸೇರಿತು. ಸಿಗರೇಟು ಬಿಡುವುದು, ದಿನಾ ಬಿರುಸಾಗಿ ನಡೆಯುವುದು. ಹೃದಯ ಸರಿಯಿದ್ದುದರಿಂದ ಬೇಕಾದಾಗ ನುಂಗಲು ಆ ನೀಲಿ ಜಾತಿಯದ್ದೇ ಒಂದು ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟಳು. ಆದರೆ ಕೆಲವು ವಾರ ಅದರ ಗೊಡವೆ ಬೇಡ ಎಂದಳು. ಸುಮ್ಮನೆ ಜೊತೆಯಲ್ಲಿ ಮಲಗಿ, ಮುಟ್ಟಿ, ಮಾತಾಡಿ. ಆಗಲೇಬೇಕು ಅನ್ನೋ ಹಟ ಬಿಟ್ಟುಬಿಡಿ.

ಅವತ್ತೇ ಹಾಸಿಗೆಯವನು ಅಂಗಡಿಯ ಅತ್ಯುತ್ತಮ ಹತ್ತಿಯನ್ನು ತೆಗೆದ. ಹಳೆಯ ಹಾಸಿಗೆಯನ್ನು ಬಿಚ್ಚುವಾಗ ಕಂಡಕ್ಟರಮ್ಮ ಬಂದು ಎದುರು ಕೂತಳು. ಅವನು ಮೊದಲ ಹೆಂಡತಿಯ ಬಗ್ಗೆ ಮೊದಲ ಸಲ ಬಾಯಿ ತುಂಬ ಮಾತಾಡಿದ. ಕಂಡಕ್ಟರಮ್ಮ ಕೇಳುತ್ತ, ನಡುನಡುವೆ ಪ್ರಶ್ನೆ ಹಾಕುತ್ತ ಹತ್ತಿಯ ಗಂಟು ಬಿಡಿಸಿದಳು. ಆ ಹಳೆಯ ಹತ್ತಿಯನ್ನು ಮಗಳ ಮನೆಗೆ ದಿಂಬು ಮಾಡಿ ಕಳಿಸುವುದೆಂದಾಯಿತು. ಹೊಸದಕ್ಕೆ ಬಟ್ಟೆ ಆರಿಸಿದವಳು ಅವಳೇ, ಕಣ್ಣು ಕುಕ್ಕುವ ಕೆಂಪು ಹಳದಿ ಪಟ್ಟೆ. ಇಂಥ ಬಣ್ಣದ ಮೇಲೆ ನಿದ್ದೆ ಬರುತ್ತದೆಯೇ ಎಂದು ಅವನು ಕೇಳಿದ್ದಕ್ಕೆ, ನಿದ್ದೆಗೆಂದು ಯಾರು ಹೇಳಿದರು ಎಂದಳು. ದಬ್ಬಳ ಅವನ ಬೆರಳಿಗೆ ಚುಚ್ಚಿತು.

ಮಧ್ಯಾಹ್ನಗಳು ಮತ್ತೆ ಶುರುವಾದವು. ಪರದೆ ಎಳೆದು ಇಬ್ಬರೂ ಮಲಗಿ ಹರಟುತ್ತಿದ್ದರು. ಚಿಲ್ಲರೆಗೆ ಜಗಳಾಡಿದವರು, ನಿದ್ದೆಹೋಗಿ ಮೂರು ಸುತ್ತು ಹಾಕಿದವರು, ಮೀನು ತೊಟ್ಟಿಯೊಂದಿಗೆ ಬಸ್ಸು ಹತ್ತಿದ ಮುದುಕ, ಇವರನ್ನೆಲ್ಲ ಅವಳು ದನಿ ಬದಲಾಯಿಸಿ ಆಡಿ ತೋರಿಸುತ್ತಿದ್ದಳು. ಅವಳ ತೋಳಿನ ಮೇಲೆ ಚೀಲದ ಪಟ್ಟಿ ಎಳೆದ ಗುರುತನ್ನು ಅವನು ಬೆರಳಿನಿಂದ ಸವರುತ್ತಿದ್ದ. ಬೆಳಗಿನ ಪಾಳಿಯ ಮೊದಲ ನಿಲ್ದಾಣದವರೆಗೆ ಅವಳ ಜೊತೆ ನಡೆದು ಹೋಗಿ, ಬಿರುಸಾಗಿ ವಾಪಸು ಬರುವುದು ಅವನ ವ್ಯಾಯಾಮವಾಯಿತು. ಟೀ ಸಪ್ಪೆಯಾಯಿತು. ಸಿಗರೇಟು ಬಿಡುವ ದಿನಗಳಲ್ಲಿ ಸಿಡುಕಿದ, ಗಿರಾಕಿಯೊಬ್ಬರಿಗೆ ಗದರಿ ಆಮೇಲೆ ದಿಂಬೊಂದನ್ನು ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದ. ಆದರೂ ಬಿಟ್ಟ.

ಒಂದು ಮಧ್ಯಾಹ್ನ, ಮೀನು ತೊಟ್ಟಿಯ ಮುದುಕನ ಕಥೆ ಎರಡನೆಯ ಸಲ ನಡೆಯುತ್ತಿದ್ದಾಗ, ಕಥೆ ಅರ್ಧಕ್ಕೆ ನಿಂತಿತು. ಮಾತ್ರೆ ಪೆಟ್ಟಿಗೆಯಲ್ಲೇ ಇತ್ತು. ಯಾರಿಗೂ ಅದರ ನೆನಪು ಬರಲಿಲ್ಲ.

ಅವತ್ತು ಹಾಸಿಗೆಯವನು ಅಂಗಡಿ ತೆಗೆದಾಗ ಬಿಸಿಲು ಇಳಿದಿತ್ತು. ಸಿಳ್ಳೆ ಹಾಕುತ್ತ ಕೂತವನು, ಹೊಲಿಯುತ್ತಿದ್ದ ದಿಂಬಿನೊಳಗೆ ಕತ್ತರಿಯನ್ನು ಬಿಟ್ಟು ಬಾಯಿ ಹೊಲಿದುಬಿಟ್ಟ. ಇಡೀ ಅಂಗಡಿ ತಲೆಕೆಳಗು ಮಾಡಿ ಹುಡುಕಿದ. ಗೋಡೆಯಾಚೆಯಿಂದ ಇಣುಕಿದ ಮಂಚದವನು ಅವನ ಮುಖ ನೋಡಿದ, ಕೇಳಬೇಕಾದ್ದೇನೂ ಉಳಿಯಲಿಲ್ಲ. ಪ್ರತಿ ಸಲವೂ ಹಾಗೆ ಸಲೀಸಾಯಿತು ಎಂದೇನಲ್ಲ. ಕೆಲವು ಸಲ ಮಾತ್ರೆ ಬೇಕಾಯಿತು, ಕೆಲವು ಸಲ ಅದಿದ್ದೂ ಆಗಲಿಲ್ಲ. ಆಗದ ದಿನ ಅವಳು 'ಇವತ್ತು ಬಸ್ಸಿಗೆ ರಜಾ' ಎಂದು ಮಗ್ಗುಲಾಗುತ್ತಿದ್ದಳು. ಇಬ್ಬರೂ ನಿದ್ದೆ ಹೋಗುತ್ತಿದ್ದರು.

ಮಂಚದವನು ಮಾತ್ರ ಆ ದಿನಗಳಲ್ಲಿ ತಮಾಷೆ ಕಡಿಮೆ ಮಾಡಿದ್ದ. ಒಂದು ಸಂಜೆ ಬಂದು, ಹತ್ತಿಯ ಮೂಟೆಯ ಮೇಲೆ ಕೂತು, ಇಷ್ಟು ದಿನದ ತನ್ನ ಬೂಟಾಟಿಕೆಯನ್ನು ಬಿಚ್ಚಿಟ್ಟ.

"ನಂದೂ ಅದೇ ಕಥೆ ಕಣೋ. ವರ್ಷಗಳಾಯ್ತು. ಊರಿಗೆಲ್ಲ ಉಪದೇಶ ಹೇಳ್ಕೊಂಡು ಓಡಾಡಿದ್ದೇ ಬಂತು."

ಹಾಸಿಗೆಯವನು ನಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ಕೇಳಿದ. ಬರುತ್ತದೆ, ಎದೆಯೂ ಹಿಡಿಯುತ್ತದೆ ಎಂದ ಮಂಚದವನು. ಮರುದಿನವೇ ಹಾಸಿಗೆಯವನು ಅವನ ಕೈಹಿಡಿದು ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಓಡುವ ಪಟ್ಟೆಯ ಮೇಲೆ ಹತ್ತಿಸಿ ಸ್ವಲ್ಪ ಹೊತ್ತಿಗೇ ಇಳಿಸಿಬಿಟ್ಟರು. ಹೃದಯದ ಒಂದು ನಾಳ ಮುಕ್ಕಾಲು ಮುಚ್ಚಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿ, ಸ್ಪ್ರಿಂಗಿನಂಥ ಸಣ್ಣ ಸ್ಟೆಂಟನ್ನು ನಾಳದೊಳಗೆ ಕೂರಿಸಿ ದಾರಿ ತೆರೆದರು. ಎಚ್ಚರವಾದ ಮಂಚದವನು ಮೊದಲು ಆಡಿದ ಮಾತು ಆಸ್ಪತ್ರೆಯ ಮಂಚದ ಕೀಲು ಸರಿಯಿಲ್ಲ ಎಂಬುದು. ಅದನ್ನು ಕೇಳಿ ಅವನ ಹೆಂಡತಿ, ಇವರಿಗೆ ವಾಸಿಯಾಯಿತು, ಮನೆಗೆ ಕರೆದುಕೊಂಡು ಹೋಗಬಹುದು ಎಂದಳು.

ಹಾಸಿಗೆಯವನ ಸಕ್ಕರೆ ಮುಂದಿನ ವರದಿಯ ಹೊತ್ತಿಗೆ ಹಿಡಿತಕ್ಕೆ ಬಂದಿತ್ತು. ಸೊಂಟದ ಸುತ್ತಳತೆ ಇಳಿದು, ಹಳೆಯ ಪ್ಯಾಂಟುಗಳಿಗೆ ಕಂಡಕ್ಟರಮ್ಮ ಹೊಸ ಹೊಲಿಗೆ ಹಾಕಿದಳು.

ಒಂದು ಭಾನುವಾರ ಮಗಳು ಹೇಳದೆ ಕೇಳದೆ ತಂದೆಯ ಮನೆಗೆ ಬಂದಳು. ಹೊತ್ತು ಏರಿತ್ತು. ಬಾಗಿಲು ಹಾಕಿತ್ತು, ಪರದೆಯೂ ಎಳೆದಿತ್ತು. ಬಾಗಿಲು ತಟ್ಟಿದಳು. ಉತ್ತರವಿಲ್ಲ. ಅಪ್ಪನಿಗೆ ಸಕ್ಕರೆ ಇಳಿದು ಏನಾದರೂ ಆಯಿತೋ ಎಂದು ಗಾಬರಿಯಾಗಿ, ಅಪ್ಪಾ ಅಪ್ಪಾ ಎಂದು ಕೂಗಿ ಕಿಟಕಿಯ ಹತ್ತಿರ ಹೋದಳು. ಒಳಗಿನಿಂದ ಮೊದಲು ಹೆಂಗಸಿನ ನಗು, ಆಮೇಲೆ ಅಪ್ಪ ಶ್ ಎಂದದ್ದು, ಆಮೇಲೆ ಇಬ್ಬರೂ ಸೇರಿ ನಕ್ಕದ್ದು ಕೇಳಿಸಿತು. ಮಗಳು ಕಿಟಕಿಯಿಂದ ಹಿಂದೆ ಸರಿದಳು. ಕೆನ್ನೆ ಬಿಸಿಯಾಯಿತು.

"ನಾನು ಹಾಲು ತರೋಕೆ ಹೋಗಿ ಬರ್ತೀನಿ," ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಮೆಟ್ಟಿಲಿಳಿದಳು. ಹತ್ತಿರದಲ್ಲೇ ಅಂಗಡಿ ಇದ್ದರೂ ದೂರದ ಅಂಗಡಿಯ ದಾರಿ ಹಿಡಿದಳು, ಮೆಲ್ಲಗೆ, ನಗುತ್ತ, ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿಕೊಂಡು.